ಬ್ರೈಲ್ ನೋಟ್‌ಟೇಕರ್: ಫೋನ್ ಮತ್ತು ಕಂಪ್ಯೂಟರ್ ಜೋಡಣೆ

ಅಂಧರು ಬೆರಳಿನಿಂದ ಬರೆದು ಬೆರಳಿನಿಂದಲೇ ಓದಲು ಬಳಸುವ, ಚೀಲದಲ್ಲಿ ಒಯ್ಯಬಹುದಾದ ವಿದ್ಯುನ್ಮಾನ ಸಾಧನವೇ ಬ್ರೈಲ್ ನೋಟ್‌ಟೇಕರ್. ಬರೆಯಲು ಆರು ಅಥವಾ ಎಂಟು ಚುಕ್ಕೆ ಕೀಲಿಗಳು ಮತ್ತು ಒಂದು ಸ್ಪೇಸ್ ಕೀಲಿ, ಓದಲು ಮುಂಭಾಗದಲ್ಲಿ ಒಂದು ಸಾಲಿನ ಸ್ಪರ್ಶಪಟ್ಟಿ ಇದರಲ್ಲಿರುತ್ತವೆ. ಪಟ್ಟಿಯ ಪ್ರತಿ ಸೆಲ್‌ನಲ್ಲೂ ಸಣ್ಣ ಪಿನ್‌ಗಳು ಮೇಲೆದ್ದು, ಕೆಳಗಿಳಿದು ಅಕ್ಷರ ಮೂಡಿಸುತ್ತವೆ. 20, 32 ಮತ್ತು 40 ಸೆಲ್‌ಗಳ ಪಟ್ಟಿಗಳು ಬಳಕೆಯಲ್ಲಿವೆ. ಸಾಧನ ತನ್ನಷ್ಟಕ್ಕೆ ತಾನೇ ಟಿಪ್ಪಣಿ ಪುಸ್ತಕವಾಗಿ ಕೆಲಸ ಮಾಡಬಲ್ಲದು. ಫೋನ್‌ಗೂ ಕಂಪ್ಯೂಟರಿಗೂ ಜೋಡಿಸಿದಾಗ ಅದರ ಉಪಯೋಗ ಇನ್ನೂ ಹೆಚ್ಚುತ್ತದೆ.

1987ರಲ್ಲಿ ಅಮೆರಿಕದ ಡೀನ್ ಬ್ಲೇಜಿ ಅವರ ಸಂಸ್ಥೆ ಹೊರತಂದ ‘ಬ್ರೈಲ್ ಎನ್ ಸ್ಪೀಕ್’ ಈ ಬಗೆಯ ಮೊದಲ ಯಶಸ್ವಿ ಸಾಧನಗಳಲ್ಲಿ ಒಂದು. ಅದಕ್ಕೆ ಸ್ಪರ್ಶಪಟ್ಟಿ ಇರಲಿಲ್ಲ. ಬ್ರೈಲ್ ಕೀಲಿಗಳಲ್ಲಿ ಬರೆದದ್ದನ್ನು ಅದು ಓದಿ ಹೇಳುತ್ತಿತ್ತು, ಕಡತಗಳು ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಹೋಗುತ್ತಿದ್ದವು. 2000ದಲ್ಲಿ ನ್ಯೂಜಿಲೆಂಡ್‌ನಿಂದ ಬಂದ ‘ಬ್ರೈಲ್‌ನೋಟ್’ ವಿಂಡೋಸ್ ಸಿಇ ಆಧಾರಿತವಾಗಿತ್ತು. 2016ರ ‘ಬ್ರೈಲ್‌ನೋಟ್ ಟಚ್’ ಆಂಡ್ರಾಯ್ಡ್‌ಗೆ ಹೊರಳಿತು. ಕೊರಿಯಾದ ‘ಬ್ರೈಲ್‌ಸೆನ್ಸ್’ ಸಾಲಿನ ಹೊಸ ಮಾದರಿಗಳೂ ಅದೇ ದಾರಿ ಹಿಡಿದಿವೆ. ಇತ್ತ ‘ಆರ್ಬಿಟ್ ರೀಡರ್ 20’ರಂಥ, ಎಸ್‌ಡಿ ಕಾರ್ಡ್ ಹಾಕಿ ಓದುವ ಸರಳ ಸಾಧನಗಳೂ ಬಂದವು. ಬ್ರೈಲ್ ಪಟ್ಟಿ ಸಾಮಾನ್ಯ ಓದುಗರ ಕೈಗೆ ಎಟುಕುವ ಬೆಲೆಗೆ ಸಿಗಬೇಕೆಂಬುದು ಇವುಗಳ ಉದ್ದೇಶ. ಬಡ ದೇಶಗಳ ವಿದ್ಯಾರ್ಥಿಗಳ ಮಟ್ಟಿಗೆ ಇದು ದೊಡ್ಡ ಬೆಳವಣಿಗೆ.

ಜೋಡಣೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ. ಹೊಸಬರ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡನ್ನೂ ಒಂದೆಂದು ತಿಳಿಯುವುದರಿಂದ.

ಮೊದಲನೆಯದು ಟರ್ಮಿನಲ್ ವಿಧಾನ. ಇಲ್ಲಿ ನೋಟ್‌ಟೇಕರ್ ತನ್ನ ಸ್ವಂತ ಕಡತಗಳನ್ನು ಬದಿಗಿಟ್ಟು, ಫೋನ್ ಅಥವಾ ಕಂಪ್ಯೂಟರಿನ ಪರದೆಯನ್ನು ಬೆರಳಿಗೆ ತಲುಪಿಸುತ್ತದೆ. ಕೆಲಸವೆಲ್ಲ ಅತ್ತಲಿನ ಸ್ಕ್ರೀನ್ ರೀಡರಿನದು. ಅದು ಪರದೆಯ ಪಠ್ಯವನ್ನು ಬ್ರೈಲ್‌ಗೆ ತಿರುಗಿಸಿ ಕಳಿಸುತ್ತದೆ, ಇತ್ತಲಿಂದ ಒತ್ತಿದ ಚುಕ್ಕೆಗಳನ್ನು ಅಕ್ಷರವಾಗಿಯೋ ಆಜ್ಞೆಯಾಗಿಯೋ ತಿಳಿದುಕೊಳ್ಳುತ್ತದೆ. ಐಫೋನ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್‌ಗೆ ಈ ಸೌಲಭ್ಯ 2010ರಲ್ಲಿ ಬಂತು. ಆಂಡ್ರಾಯ್ಡ್‌ನಲ್ಲಿ ಹಿಂದೆ ‘ಬ್ರೈಲ್‌ಬ್ಯಾಕ್’ ಎಂಬ ಬೇರೆ ಆ್ಯಪ್ ಬೇಕಿತ್ತು. 2022ರಿಂದ ಅಲ್ಲಿನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನೊಳಗೇ ಅದು ಸೇರಿದೆ. ವಿಂಡೋಸ್‌ನಲ್ಲಿ ‘ಜಾಸ್’ ಮತ್ತು ಉಚಿತವಾಗಿ ಸಿಗುವ ಎನ್‌ವಿಡಿಎ ಹೆಚ್ಚು ಬಳಕೆಯಲ್ಲಿವೆ.

ಐಫೋನ್‌ನಲ್ಲಿ ಜೋಡಿಸುವ ಜಾಗ ಸಾಮಾನ್ಯ ಬ್ಲೂಟೂತ್ ಪುಟವಲ್ಲ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ವಾಯ್ಸ್‌ಓವರ್, ಅದರೊಳಗೆ ಬ್ರೈಲ್ ಎಂಬಲ್ಲಿ ಸಾಧನದ ಹೆಸರು ಹುಡುಕಬೇಕು. ಜೋಡಣೆ ಆದ ಮೇಲೆ ಫೋನನ್ನು ಜೇಬಿನಿಂದ ತೆಗೆಯಲೂ ಬೇಕಿಲ್ಲ. ಸ್ಪೇಸ್ ಜೊತೆ 4ನೇ ಚುಕ್ಕೆ ಒತ್ತಿದರೆ ಪರದೆಯ ಮುಂದಿನ ಅಂಶ, 1ನೇ ಚುಕ್ಕೆ ಒತ್ತಿದರೆ ಹಿಂದಿನದು. ಸ್ಪೇಸ್ ಜೊತೆ 1, 2, 5 ಒಟ್ಟಿಗೆ ಒತ್ತಿದರೆ ಮುಖ್ಯ ಪರದೆ. ಸಭೆಯ ನಡುವೆ ಬಂದ ಸಂದೇಶವನ್ನು ಸದ್ದಿಲ್ಲದೆ ಓದಿ, ಸದ್ದಿಲ್ಲದೆ ಉತ್ತರಿಸಬಹುದು. ಧ್ವನಿಯನ್ನಷ್ಟೇ ನಂಬಿದವರಿಗೆ ಈ ಖಾಸಗಿತನ ಸಿಗುವುದಿಲ್ಲ.

ಹಿಂದೆ ಪ್ರತಿ ಕಂಪನಿಯ ಸಾಧನಕ್ಕೂ ಬೇರೆ ಬೇರೆ ಡ್ರೈವರ್ ಬೇಕಾಗುತ್ತಿತ್ತು. 2018ರಲ್ಲಿ ಯುಎಸ್‌ಬಿ ಮಾನಕ ಸಂಸ್ಥೆಯು ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್‌ಗಳ ಬೆಂಬಲದೊಂದಿಗೆ ಬ್ರೈಲ್ ಸಾಧನಗಳಿಗೆ ಎಚ್‌ಐಡಿ ಎಂಬ ಸಮಾನ ಮಾನಕ ಪ್ರಕಟಿಸಿತು. ಅದನ್ನು ಪಾಲಿಸುವ ಸಾಧನವನ್ನು ಕೀಬೋರ್ಡ್ ಸಿಕ್ಕಿಸಿದಷ್ಟೇ ಸುಲಭವಾಗಿ ಸಿಕ್ಕಿಸಬಹುದು. ಒಂದೇ ಸಾಧನಕ್ಕೆ ಬ್ಲೂಟೂತ್‌ನಲ್ಲಿ ಹಲವು ಫೋನ್‌ಗಳನ್ನೂ ಯುಎಸ್‌ಬಿಯಲ್ಲಿ ಒಂದು ಕಂಪ್ಯೂಟರನ್ನೂ ಸೇರಿಸಿಟ್ಟು, ಬೇಕಾದಾಗ ಒಂದರಿಂದ ಇನ್ನೊಂದಕ್ಕೆ ಹೋಗುವ ಅನುಕೂಲ ಈಗಿನ ಹಲವು ಮಾದರಿಗಳಲ್ಲಿದೆ.

ಎರಡನೆಯದು ಕಡತಗಳ ಹೊಂದಾಣಿಕೆ. ವಿಂಡೋಸ್ ಸಿಇ ಕಾಲದ ಸಾಧನಗಳು ‘ಆ್ಯಕ್ಟಿವ್‌ಸಿಂಕ್’ ಮೂಲಕ ಕಂಪ್ಯೂಟರಿನ ವಿಳಾಸಪಟ್ಟಿ, ದಿನಚರಿಗಳೊಡನೆ ತಾಳೆ ಹಾಕಿಕೊಳ್ಳುತ್ತಿದ್ದವು. ಆಂಡ್ರಾಯ್ಡ್ ಆಧಾರಿತ ಸಾಧನಗಳಲ್ಲಿ ಗೂಗಲ್ ಖಾತೆಯೇ ಆ ಕೆಲಸ ಮಾಡುತ್ತದೆ. ಸರಳ ಸಾಧನಗಳಲ್ಲಿ ಎಸ್‌ಡಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕುವುದೋ ಕೇಬಲ್‌ನಲ್ಲಿ ಕಡತ ನಕಲಿಸುವುದೋ ರೂಢಿ. ಇಲ್ಲಿ ತಾನಾಗಿ ತಾಳೆಯಾಗುವುದು ಏನೂ ಇಲ್ಲ. ಒಂದೇ ಟಿಪ್ಪಣಿಯನ್ನು ಎರಡೂ ಕಡೆ ತಿದ್ದಿದ್ದರೆ ಕೊನೆಗೆ ನಕಲಿಸಿದ ಪ್ರತಿ ಹಳೆಯದನ್ನು ಅಳಿಸಿಬಿಡುತ್ತದೆ. ಕಡತದ ಹೆಸರಿನಲ್ಲೇ ದಿನಾಂಕ ಸೇರಿಸಿದರೆ ಈ ನಷ್ಟ ತಪ್ಪುತ್ತದೆ.

ಕನ್ನಡದಲ್ಲಿ ಬರೆಯುವವರು ಹೆಚ್ಚು ಗಮನ ಕೊಡಬೇಕಾದದ್ದು ಲಿಪಿ ಪರಿವರ್ತನೆಯ ಕಡೆಗೆ. ಕನ್ನಡ ಬ್ರೈಲ್, ಬಹುಪಾಲು ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್‌ನ ಭಾಗ. ಇದರಲ್ಲಿ ಗುಣಿತಾಕ್ಷರಕ್ಕೆ ಬೇರೆ ಚಿಹ್ನೆಯಿಲ್ಲ, ವ್ಯಂಜನದ ಮುಂದೆ ಸ್ವರವನ್ನೇ ಬರೆಯುತ್ತಾರೆ. ಒತ್ತಕ್ಷರ ಬಂದಾಗ ಹಲಂತವನ್ನು ಸೂಚಿಸುವ 4ನೇ ಚುಕ್ಕೆಯನ್ನು ಮೊದಲಿಗೇ ಇಡುತ್ತಾರೆ. ‘ಕನ್ನಡ’ ಎಂದು ಬರೆಯಲು ಐದು ಸೆಲ್ ಬೇಕು: ಕ-ಕಾರಕ್ಕೆ 1, 3, ಹಲಂತಕ್ಕೆ 4, ನ-ಕಾರಕ್ಕೆ 1, 3, 4, 5, ಅದೇ ಇನ್ನೊಮ್ಮೆ, ಡ-ಕಾರಕ್ಕೆ 1, 2, 4, 6.

ನೋಟ್‌ಟೇಕರಿನಲ್ಲಿ ಇದನ್ನು ಬಿಆರ್‌ಎಫ್ ಕಡತವಾಗಿ ಉಳಿಸಿದರೆ ಅಲ್ಲಿ ಉಳಿಯುವುದು ಚುಕ್ಕೆಗಳ ವಿನ್ಯಾಸ ಮಾತ್ರ, ಅದೂ ಇಂಗ್ಲಿಷ್ ಕೀಲಿಮಣೆಯ ಚಿಹ್ನೆಗಳ ವೇಷದಲ್ಲಿ. ಅದೇ ಕಡತವನ್ನು ಫೋನಿನಲ್ಲಿ ತೆರೆದ ಗೆಳೆಯನಿಗೆ ಕಾಣುವುದು ಇಂಗ್ಲಿಷಿನ ಕೆ, ಇಮೇಲ್ ವಿಳಾಸದ ಅಟ್ ಚಿಹ್ನೆ, ಎರಡು ಎನ್, ಒಂದು ಡಾಲರ್ ಗುರುತು. ಕಡತ ಕೆಟ್ಟಿದೆ ಎಂದು ಅವನು ಅಳಿಸಿಬಿಡಬಹುದು. ನಿಜಕ್ಕೆ ಅದರಲ್ಲಿ ಒಂದು ಚುಕ್ಕೆಯೂ ಕಳೆದಿರುವುದಿಲ್ಲ. ಯೂನಿಕೋಡ್ ಕನ್ನಡ ಬೇಕಿದ್ದರೆ ಪರಿವರ್ತನಾ ಕೋಷ್ಟಕ ಬೇಕು. ‘ಲಿಬ್‌ಲೂಯಿ’ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಕೋಷ್ಟಕವಿದೆ, ಎನ್‌ವಿಡಿಎ ಅದನ್ನೇ ಬಳಸುತ್ತದೆ. ಆದ್ದರಿಂದ ಟರ್ಮಿನಲ್ ವಿಧಾನದಲ್ಲಿ ಸ್ಕ್ರೀನ್ ರೀಡರಿನ ಬ್ರೈಲ್ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿಕೊಳ್ಳಬೇಕು. ಓದುವ ಕೋಷ್ಟಕ, ಬರೆಯುವ ಕೋಷ್ಟಕ ಎಂದು ಎರಡು ಆಯ್ಕೆಗಳಿರುವಲ್ಲಿ ಎರಡನ್ನೂ ನೋಡಿಕೊಳ್ಳಬೇಕು.

ಈ ಶ್ರಮ ಸಾರ್ಥಕವೇ. ಅಲ್ಪಪ್ರಾಣ ಮಹಾಪ್ರಾಣ, ಶ-ಕಾರ ಷ-ಕಾರಗಳ ವ್ಯತ್ಯಾಸ ಯಂತ್ರದ ದನಿಯಲ್ಲಿ ಸುಲಭವಾಗಿ ಜಾರಿಹೋಗುತ್ತದೆ. ಕೇಳಿಯೇ ಕಲಿತ ಮಗುವಿಗೆ ಕಾಗುಣಿತ ಸುಲಭವಾಗಿ ಗಟ್ಟಿಯಾಗುವುದಿಲ್ಲ, ಅದು ಬೆರಳಿಗೆ ತಾಕಬೇಕು.

ಓದಲು ಪುಸ್ತಕ ಬೇಕಾದವರಿಗೆ 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವಿದೆ. ಅಲ್ಲಿನ ಕಡತವನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಕಾರ್ಡಿಗೆ ನಕಲಿಸಿದರೆ ನೋಟ್‌ಟೇಕರಿನಲ್ಲಿ ಓದಬಹುದು. ಬಿಆರ್‌ಎಫ್ ಕಡತಗಳನ್ನು ಸಾಮಾನ್ಯವಾಗಿ ಕಾಗದದ ಅಳತೆಗೆ, ಸಾಲಿಗೆ 40 ಸೆಲ್‌ನಂತೆ ಜೋಡಿಸಿರುತ್ತಾರೆ. 20 ಸೆಲ್‌ನ ಪಟ್ಟಿಯಲ್ಲಿ ಒಂದು ಪೂರ್ತಿ ಸಾಲು ಓದಲು ಮುಂದಕ್ಕೆ ಸರಿಸುವ ಕೀಲಿಯನ್ನು ಒಮ್ಮೆ ಒತ್ತಬೇಕಾಗುತ್ತದೆ.