ಮಾನಸಿಕ ಒತ್ತಡ ಮತ್ತು ರಕ್ತನಾಳಗಳ ಆರೋಗ್ಯ: ಸಾರ್ವಜನಿಕರಿಗೆ ಮಾಹಿತಿ

ಮಾನಸಿಕ ಒತ್ತಡವು ಮನಸ್ಸಿಗೆ ಮಾತ್ರ ಸೀಮಿತವಾದ ತೊಂದರೆಯಲ್ಲ. ಒತ್ತಡ ಉಂಟಾದಾಗ ದೇಹದಲ್ಲಿ ಅಡ್ರಿನಲಿನ್ ಹಾಗೂ ಕಾರ್ಟಿಸಾಲ್ ಹಾರ್ಮೋನುಗಳು ಹೆಚ್ಚಾಗಿ, ಹೃದಯ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ.

ರಕ್ತನಾಳಗಳ ಮೇಲಿನ ಪರಿಣಾಮ

ರಕ್ತನಾಳಗಳ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ ನಾಳಗಳು ಹಿಗ್ಗಲು ನೆರವಾಗುತ್ತದೆ. ಒತ್ತಡವು ಈ ಶಕ್ತಿಯನ್ನು ಕುಂದಿಸುತ್ತದೆ. ಅಲ್ಪಕಾಲದ ಒತ್ತಡವಾದಲ್ಲಿ ಆರೋಗ್ಯವಂತರಲ್ಲಿ ಕೆಲವು ಗಂಟೆಗಳೊಳಗೆ ಇದು ಸರಿಹೋಗುತ್ತದೆ. ದೀರ್ಘಕಾಲ ಮುಂದುವರಿದಲ್ಲಿ ಒಳಪದರಕ್ಕೆ ಹಾನಿಯಾಗಿ, ಕೊಬ್ಬು ಶೇಖರಣೆಗೊಂಡು ನಾಳಗಳು ಕಿರಿದಾಗುವ ಸಂಭವವಿರುತ್ತದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತಕ್ಕೆ ಸಂಬಂಧಿಸಿದ 9 ಪ್ರಮುಖ ಅಂಶಗಳಲ್ಲಿ ಮಾನಸಿಕ ಹಾಗೂ ಸಾಮಾಜಿಕ ಒತ್ತಡವನ್ನೂ ಸೇರಿಸಿದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಅಧಿಕ ರಕ್ತದೊತ್ತಡಕ್ಕೆ ಬಹುತೇಕ ಯಾವುದೇ ಲಕ್ಷಣವಿರುವುದಿಲ್ಲ. 30 ವರ್ಷ ಮೇಲ್ಪಟ್ಟವರು ಸಮೀಪದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ತಪಾಸಣೆ ಮಾಡಿಸಿಕೊಳ್ಳಬಹುದು.

2. ‘ಟೆನ್ಷನ್‌ನಿಂದ ಬಂದದ್ದು, ತಾನಾಗಿಯೇ ಇಳಿಯುತ್ತದೆ’ ಎಂದು ಭಾವಿಸಿ, ವೈದ್ಯರ ಸಲಹೆಯಿಲ್ಲದೆ ಬಿ.ಪಿ. ಮಾತ್ರೆಗಳನ್ನು ನಿಲ್ಲಿಸಬಾರದು.

3. ಒತ್ತಡ ಮರೆಯಲು ಬೀಡಿ, ಸಿಗರೇಟು, ಮದ್ಯಗಳ ಮೊರೆ ಹೋಗಬಾರದು. ಇವುಗಳಿಂದ ರಕ್ತನಾಳಗಳಿಗೆ ಮತ್ತಷ್ಟು ಹಾನಿಯಾಗುತ್ತದೆ. ಪ್ರತಿದಿನದ ನಡಿಗೆ ಮತ್ತು ಸಾಕಷ್ಟು ನಿದ್ರೆ ಸಹಕಾರಿ.

4. ಒತ್ತಡ ತಾಳಲಾಗದಿದ್ದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು.

5. ಎದೆನೋವು, ಎಡಗೈ ಅಥವಾ ದವಡೆ ನೋವು, ಉಸಿರಾಟದ ತೊಂದರೆ, ತಣ್ಣನೆಯ ಬೆವರು ಕಂಡುಬಂದಲ್ಲಿ ಆಯಾಸವೆಂದು ಕಡೆಗಣಿಸದೆ, ತಕ್ಷಣ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು.