ಕದಂಬರ ಊರುಗಳು, ಕಾಳಿಯ ಕಾಡು: ಚಿಗಳ್ಳಿ ಸೀಮೆಯಿಂದ ಒಂದು ಪ್ರವಾಸ

ಮುಂಡಗೋಡ ತಾಲೂಕಿನ ಚಿಗಳ್ಳಿ ಇರುವುದು ಅರೆಮಲೆನಾಡಿನಲ್ಲಿ. ಹುಬ್ಬಳ್ಳಿ ಕಡೆಯ ಎರೆಭೂಮಿ ಇಲ್ಲಿಗೆ ಮುಗಿದಿರುತ್ತದೆ, ಘಟ್ಟದ ಕಾಡು ಇನ್ನೂ ದಟ್ಟವಾಗಿರುವುದಿಲ್ಲ. ಎಣ್ಣೆಯಿಲ್ಲದೆ ದಶಕಗಳ ಕಾಲ ಉರಿದವೆಂದು ಭಕ್ತರು ಹೇಳುವ ದೀಪಗಳಿಂದ ಇಲ್ಲಿನ ದೀಪನಾಥೇಶ್ವರ ಗುಡಿ ಹೆಸರಾಗಿದೆ. ಹಳೆಯ ರಾಜಧಾನಿಗಳನ್ನೂ ಕಾಡು–ಹೊಳೆಗಳನ್ನೂ ಒಂದೇ ರಜೆಯಲ್ಲಿ ನೋಡಬೇಕೆನ್ನುವವರಿಗೆ ಈ ಸೀಮೆ ಅನುಕೂಲ. ಆದರೆ ಎರಡೂ ಒಂದೇ ದಿಕ್ಕಿಗಿಲ್ಲ. ಕದಂಬರು ಊರು ಕಟ್ಟಿದ್ದು ಕೆರೆ, ಗದ್ದೆ, ನದಿ ಬಯಲು ಇದ್ದ ಕಡೆ. ದಟ್ಟ ಕಾಡು ಇರುವುದು ಪಶ್ಚಿಮಕ್ಕೆ, ಜೊಯಿಡಾದಲ್ಲಿ. ಒಂದೇ ದಿನ ಎರಡನ್ನೂ ಮುಗಿಸಲು ಹೊರಟರೆ ಕಾರಿನಲ್ಲಿ ಕೂತದ್ದೇ ಬಂತು.

ಯಾವಾಗ ಹೊರಡಬೇಕು?

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಮಳೆಗಾಲ. 2019ರ ಆಗಸ್ಟ್ ಮಳೆಗೆ ಚಿಗಳ್ಳಿಯ ಜಲಾಶಯದ ಏರಿಯೇ ಒಡೆದಿತ್ತು. ಚಳಿಗಾಲದಲ್ಲಿ ಬಂದರೆ ಅತ್ತಿವೇರಿ ಪಕ್ಷಿಧಾಮದಲ್ಲಿ ವಲಸೆ ಹಕ್ಕಿಗಳೂ ಸಿಗುತ್ತವೆ.

ಬನವಾಸಿ, ತಾಳಗುಂದ, ಬಳ್ಳಿಗಾವಿ

ಇದಕ್ಕೆ ಎರಡು ದಿನ ಬೇಕೇ ಬೇಕು. ಕದಂಬರ ರಾಜಧಾನಿಯಾಗಿದ್ದ ವರದಾ ದಂಡೆಯ ಬನವಾಸಿಯಲ್ಲಿ ಮಧುಕೇಶ್ವರನ ದರ್ಶನ ಮುಗಿಸಿ ಹೊರಟುಬಿಡುವವರೇ ಹೆಚ್ಚು. ಪ್ರಾಕಾರದಲ್ಲಿರುವ ಕಲ್ಲಿನ ಮಂಚವನ್ನೂ ಐದು ಹೆಡೆಯ ನಾಗಶಿಲ್ಪವನ್ನೂ ನಿಂತು ನೋಡಬೇಕು. ನಾಗನ ಕಲ್ಲಿನ ಅಂಚಿನಲ್ಲಿ ಬ್ರಾಹ್ಮಿ ಅಕ್ಷರಗಳಿವೆ. ಭಾಷೆ ಪ್ರಾಕೃತ, ಕಾಲ ಕದಂಬರಿಗಿಂತ ಹಿಂದಿನ ಚುಟುಗಳದು.

ಕದಂಬರ ಕಥೆ ಸಿಗುವುದು ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಸಾಲುಗಳು ಅಡ್ಡಕ್ಕಿಲ್ಲ, ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಓದಲು ಹೊರಟವರು ಕತ್ತು ವಾಲಿಸಲೇಬೇಕು. ಅಜ್ಜ ವೀರಶರ್ಮನ ಜೊತೆ ಕಂಚಿಗೆ ಓದಲು ಹೋದ ಕದಂಬ ವಂಶಸ್ಥಾಪಕ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದನ್ನು ಕವಿ ಕುಬ್ಜ ಇಲ್ಲಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಇದೇ ಆವರಣದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದೆಂದು ಹೇಳಲಾಗುತ್ತದೆ. ಹಾಗಾದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಇದು.

ಹತ್ತಿರದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳಿವೆ, ಗಂಡಭೇರುಂಡನ ಕಂಬವಿದೆ. ಅಲ್ಲಮಪ್ರಭುವಿನ ಊರೂ ಇದೇ.

ನಡುವೆ ಒಂದು ಟಿಬೆಟ್

ಮುಂಡಗೋಡದ ಟಿಬೆಟನ್ ಕ್ಯಾಂಪುಗಳಿಗೆ ಅರ್ಧ ದಿನ ಸಾಕು. 1966ರಲ್ಲಿ ನೆಲೆಯಾದ ನಿರಾಶ್ರಿತರು ಗಾಂದೆನ್, ಡ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ವಿದೇಶಿ ಪಾಸ್‌ಪೋರ್ಟಿನವರು ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಮೊದಲೇ ಪಡೆಯಬೇಕು. ಅಮೆರಿಕದಿಂದ ರಜೆಗೆ ಬರುವ ಮನೆಮಂದಿಯನ್ನು ಕರೆದೊಯ್ಯುವವರು ಇದನ್ನು ಮರೆಯುವುದುಂಟು.

ದಾಂಡೇಲಿ, ಜೊಯಿಡಾ

ದಾಂಡೇಲಿ ಎಂದರೆ ರ‍್ಯಾಫ್ಟಿಂಗ್ ಎಂದಷ್ಟೇ ಆಗಿದೆ. ನನ್ನ ಮಟ್ಟಿಗೆ ಅದಕ್ಕಿಂತ ಕವಳಾ ಗುಹೆ ಮೇಲು. ಮೆಟ್ಟಿಲಿಳಿದು, ಒಳಗೆ ತೆವಳಿ ಹೋದರೆ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಲಿಂಗ ಕಾಣುತ್ತದೆ. ಮಂಡಿನೋವಿನವರಿಗೆ ಬೇಡ. ಜಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿರುವುದರಿಂದ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಂಡು ಹೋಗಬೇಕು. ಮುಂದೆ ಸಿಂಥೇರಿ ಬಂಡೆ, ಗಣೇಶಗುಡಿಯ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಚೆನ್ನಬಸವಣ್ಣನ ಸಮಾಧಿಯ ಉಳವಿ ಇವೆ. ಉಳವಿ ಜಾತ್ರೆಯ ದಿನಗಳಲ್ಲಿ ಬಯಲುಸೀಮೆಯ ಚಕ್ಕಡಿಗಳೆಲ್ಲ ಈ ದಾರಿಯಲ್ಲೇ ಇರುತ್ತವೆ, ನಿಧಾನಕ್ಕೆ ಸಿದ್ಧರಾಗಿರಿ.

ವಾಪಸಾಗುವಾಗ ಹಲಸಿ

ಹಳಿಯಾಳದಿಂದ ನಂದಗಡದ ಮೇಲೆ ಖಾನಾಪುರ ಕಡೆಗೆ ಹೋದರೆ ಕದಂಬರ ಇನ್ನೊಂದು ರಾಜಧಾನಿ ಹಲಸಿ ಸಿಗುತ್ತದೆ. ಕಾಕುಸ್ಥವರ್ಮನ ತಾಮ್ರಪಟ ಸಿಕ್ಕದ್ದು ಇಲ್ಲೇ. ಈಗಿರುವ ಭೂವರಾಹ ನರಸಿಂಹ ಗುಡಿ ಮಾತ್ರ ಗೋವೆಯ ಕದಂಬರ ಕಾಲದ್ದು, ಎರಡು ಗರ್ಭಗುಡಿಗಳು ಎದುರುಬದುರಾಗಿವೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದ ಜಾಗ ನಂದಗಡದಲ್ಲಿದೆ. ಇಷ್ಟು ಮುಗಿಸಿದವರು ಮುಂಡಗೋಡಕ್ಕೆ ಮರಳಬೇಕಿಲ್ಲ, ಖಾನಾಪುರದಲ್ಲೇ ರೈಲು ಹತ್ತಬಹುದು.