ಪ್ರವಾಸದ ನಡುವೆ ಹೃದಯಾಘಾತ: ಮೊದಲ ಗಂಟೆಯಿಂದ ಮೂರನೇ ತಿಂಗಳವರೆಗೆ

ಲಿಂಗಸುಗೂರು: ದಸರೆ, ದೀಪಾವಳಿ ಅಥವಾ ಬೇಸಿಗೆಯ ರಜೆ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದ ಮಕ್ಕಳು ಊರಿನ ಹಿರಿಯರನ್ನು ಕ್ರೂಸರ್ ವಾಹನದಲ್ಲಿ ಕೂರಿಸಿಕೊಂಡು ಪ್ರವಾಸ ಹೊರಡುವುದು ಈ ಭಾಗದಲ್ಲಿ ಸಾಮಾನ್ಯ ದೃಶ್ಯ. ಮುದಗಲ್ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗ, ಗುರುಗುಂಟಾ ಅಮರೇಶ್ವರ, ಸಿಂಧನೂರು ತಾಲ್ಲೂಕಿನ ಅಂಬಾಮಠ, 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಪತ್ತೆಯಾದ ಮಸ್ಕಿಯ ಗುಡ್ಡ, ಇವೆಲ್ಲವೂ ಒಂದೆರಡು ದಿನಗಳಲ್ಲಿ ನೋಡಿ ಮುಗಿಸಬಹುದಾದ ಸ್ಥಳಗಳು. ಬೆಳಗಿನ ಉಪಾಹಾರಕ್ಕೆ ಒಗ್ಗರಣಿ–ಮಿರ್ಚಿ, ಮಧ್ಯಾಹ್ನದ ಉರಿಬಿಸಿಲು, ಕೋಟೆಯ ಮೆಟ್ಟಿಲು, ಮರೆತುಹೋದ ಮಾತ್ರೆ, ನಿದ್ದೆಗೆಟ್ಟ ರಾತ್ರಿ. ಹೃದಯದ ದೌರ್ಬಲ್ಯ ಮೊದಲೇ ಇದ್ದವರಿಗೆ ಇವಿಷ್ಟೂ ಒಂದೇ ದಿನ ಒದಗಿದರೆ ಅಪಾಯ ದೂರವಿರುವುದಿಲ್ಲ.

ಪ್ರವಾಸದಲ್ಲಿ ಬಂದೆರಗುವ ಇಂತಹ ಆಘಾತ ಕನ್ನಡಿಗರಿಗೆ ಅಪರಿಚಿತವಲ್ಲ. 2023ರ ಆಗಸ್ಟ್‌ನಲ್ಲಿ ನಟ ವಿಜಯ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಅವರು ಬ್ಯಾಂಕಾಕ್ ಪ್ರವಾಸದಲ್ಲಿದ್ದಾಗಲೇ ಹಠಾತ್ತನೆ ನಿಧನರಾದ ಸುದ್ದಿ ರಾಜ್ಯವನ್ನು ಕಲಕಿತ್ತು. ಅದಕ್ಕೂ ಮುನ್ನ, 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಅವರ ಅಗಲಿಕೆಯ ಬಳಿಕ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಸಾಲು ನಿಂತವರ ಚಿತ್ರ ಇನ್ನೂ ಮಾಸಿಲ್ಲ. ಆದರೆ ಬದುಕುಳಿದವರ ಕತೆಗಳು ಸುದ್ದಿಯಾಗುವುದು ಕಡಿಮೆ. ಸಕಾಲದಲ್ಲಿ ಚಿಕಿತ್ಸೆ ದೊರೆತ ಬಹುಪಾಲು ರೋಗಿಗಳು ಕೆಲವೇ ವಾರಗಳಲ್ಲಿ ದೈನಂದಿನ ಬದುಕಿಗೆ ಮರಳುತ್ತಾರೆ. ಆ ಸಕಾಲ ಎಂಬುದು ಸಿಂಧನೂರು–ಮಸ್ಕಿ–ಲಿಂಗಸುಗೂರು ಪಟ್ಟಿಯಲ್ಲಿ ಹೇಗೆ ಒದಗೀತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ದೂರದ ಲೆಕ್ಕ

ರಾಷ್ಟ್ರೀಯ ಹೆದ್ದಾರಿ 150ಎ ಈ ಮೂರೂ ಪಟ್ಟಣಗಳನ್ನು ಜೋಡಿಸುತ್ತದೆ. ಮಸ್ಕಿ ನಡುವಿನಲ್ಲಿದ್ದು, ಅತ್ತ ಸಿಂಧನೂರಿಗೂ ಇತ್ತ ಲಿಂಗಸುಗೂರಿಗೂ ಸುಮಾರು 30 ಕಿ.ಮೀ. ಅಂತರದಲ್ಲಿದೆ. ಜಿಲ್ಲಾ ಕೇಂದ್ರ ರಾಯಚೂರು ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಸುಮಾರು 90 ಕಿ.ಮೀ. ದೂರ. 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ನೂತನ ಕಟ್ಟಡ ಉದ್ಘಾಟನೆಗೊಂಡ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆ ಲಿಂಗಸುಗೂರಿನಿಂದ ಸುಮಾರು 150 ಕಿ.ಮೀ. ದೂರದಲ್ಲಿದೆ. ‘ಹೈದರಾಬಾದಿಗೇ ಒಯ್ದುಬಿಡೋಣ’ ಎಂಬುದು ನಮ್ಮ ಕಡೆಯ ಜನರ ಬಾಯಲ್ಲಿ ಮೊದಲು ಬರುವ ಮಾತು. ರಾಯಚೂರಿನಿಂದ ಅದು ಮತ್ತೂ 200 ಕಿ.ಮೀ.ಗಿಂತ ಆಚೆಗಿದೆ.

ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಡ್ಡ ನಿಂತಾಗ ಅದರಾಚೆಯ ಸ್ನಾಯು ಸಾಯತೊಡಗುತ್ತದೆ. ಮೊದಲ ಎರಡು–ಮೂರು ಗಂಟೆಗಳಲ್ಲಿ ನಾಳ ತೆರೆದರೆ ಸ್ನಾಯುವಿನ ಬಹುಭಾಗ ಉಳಿಯುತ್ತದೆ. ವಿಳಂಬವಾದಷ್ಟೂ ಉಳಿಯುವ ಪಾಲು ಕುಗ್ಗುತ್ತದೆ. ಎರಡು ಗಂಟೆಯೊಳಗೆ ಆಂಜಿಯೊಪ್ಲಾಸ್ಟಿ ಸಾಧ್ಯವಿದ್ದರೆ ಅದೇ ಉತ್ತಮ ಚಿಕಿತ್ಸೆ. ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲೇ ನೀಡಿ ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂಬುದು ಜಗತ್ತಿನಾದ್ಯಂತ ಹೃದ್ರೋಗ ತಜ್ಞರು ಒಪ್ಪಿರುವ ಕ್ರಮ. ಮೇಲಿನ ಅಂತರಗಳನ್ನು ನೋಡಿದರೆ, ಈ ಮೂರು ತಾಲ್ಲೂಕುಗಳಲ್ಲಿ ಯಾವ ದಾರಿ ಹಿಡಿಯಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಇಸಿಜಿ ಕೂಡ ಮಾಡಿಸದೆ ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನೇರವಾಗಿ ದೂರದ ನಗರಕ್ಕೆ ಧಾವಿಸುವುದು ಅತ್ಯಂತ ದುಬಾರಿಯಾದ ತಪ್ಪು.

ಪುನೀತ್ ಅವರ ಸ್ಮರಣಾರ್ಥ ರಾಜ್ಯ ಸರ್ಕಾರ ಜಾರಿಗೆ ತಂದ ಹೃದಯ ಜ್ಯೋತಿ ಯೋಜನೆ ಇದೇ ತತ್ವದ ಮೇಲೆ ರೂಪುಗೊಂಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಗಣಕಯಂತ್ರದ ಮೂಲಕ ಕಳುಹಿಸಿ, ಕೆಲವೇ ನಿಮಿಷಗಳಲ್ಲಿ ವಿಶ್ಲೇಷಣೆ ಪಡೆದು, ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಉಚಿತವಾಗಿ ನೀಡುವುದು ಇದರ ವ್ಯವಸ್ಥೆ. ಹೊರಗೆ ಕೊಂಡರೆ ಇದಕ್ಕೆ ಹಲವು ಸಾವಿರ ರೂಪಾಯಿ ತೆರಬೇಕು. ಹಾಸನ ಜಿಲ್ಲೆಯಲ್ಲಿ ವರದಿಯಾದ ಹಠಾತ್ ಸಾವುಗಳ ಹಿನ್ನೆಲೆಯಲ್ಲಿ 2025ರ ಜುಲೈನಲ್ಲಿ ಈ ಯೋಜನೆಯನ್ನು ರಾಜ್ಯದ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ಪ್ರವಾಸ ಹೊರಡುವ ಮುನ್ನ ತಾವು ತಂಗುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಒಂದು ದೂರವಾಣಿ ಕರೆ ಮಾಡಿ ಕೇಳಿಕೊಳ್ಳುವುದು ವಸತಿಗೃಹ ಕಾಯ್ದಿರಿಸುವುದಕ್ಕಿಂತ ಹೆಚ್ಚಿನ ಕೆಲಸವೇನಲ್ಲ.

‘ಗ್ಯಾಸ್’ ಎಂಬ ಭ್ರಮೆ

ಎದೆಯ ನಡುವೆ ಹಿಂಡಿದಂತಹ ನೋವು, ಅದು ಎಡಗೈ, ಭುಜ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇವು ಪ್ರಸಿದ್ಧ ಲಕ್ಷಣಗಳು. ಮಹಿಳೆಯರಲ್ಲಿ, ವೃದ್ಧರಲ್ಲಿ ಹಾಗೂ ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಉರಿಯಾಗಿಯೂ ಕಾಣಿಸಿಕೊಳ್ಳಬಹುದು. ಆಗಲೇ ಯಾರೋ ಒಬ್ಬರು ‘ಮಿರ್ಚಿ ತಿಂದದ್ದಕ್ಕೆ ಗ್ಯಾಸ್ ಆಗೇದ, ಸೋಡಾ ಕುಡೀರಿ’ ಎನ್ನುತ್ತಾರೆ. ಗ್ಯಾಸ್ ಎಂಬ ಒಂದು ಪದಕ್ಕೆ ನಮ್ಮ ಭಾಗದಲ್ಲಿ ಬಲಿಯಾದ ಜೀವಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಂತಹ ಲಕ್ಷಣ ಹದಿನೈದು ನಿಮಿಷ ಕಳೆದರೂ ಇಳಿಯದಿದ್ದರೆ ಅದನ್ನು ಹೃದಯದ ತೊಂದರೆಯೆಂದೇ ಭಾವಿಸಿ ಹೊರಡಬೇಕು; ಹಿಂದೆ ಹೃದಯದ ಕಾಯಿಲೆ ಇದ್ದವರು ಅಷ್ಟೂ ಕಾಯಬಾರದು.

ರೋಗಿಯನ್ನು ನಡೆಸದೆ ಒರಗಿಸಿ ಕೂರಿಸಿ 108ಕ್ಕೆ ಕರೆ ಮಾಡಬೇಕು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿ.ಗ್ರಾಂ. ಆಸ್ಪಿರಿನ್ ಅನ್ನು ಅಗಿದು ನುಂಗಬಹುದು. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದವರ ಜೇಬಿನಿಂದ ಪಡೆದು ಕೊಡುವುದು ಸಲ್ಲದು. ರಕ್ತದೊತ್ತಡ ಕುಸಿದಿರುವವರಿಗೆ ಅದು ಅಪಾಯಕಾರಿ. ಆಂಬ್ಯುಲೆನ್ಸ್ ತಡವಾಗುವುದೆಂದು ತಿಳಿದರೆ ಬೇರೆಯವರು ಚಲಾಯಿಸುವ ವಾಹನದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಸಾಗಬೇಕು. ರೋಗಿಯೇ ಸ್ಟೀರಿಂಗ್ ಹಿಡಿಯುವುದು ಎಂದಿಗೂ ಕೂಡದು.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದರಲ್ಲಿ ರೋಗಿ ಸಾಮಾನ್ಯವಾಗಿ ಮಾತನಾಡುತ್ತಿರುತ್ತಾರೆ. ಎರಡನೆಯದರಲ್ಲಿ ಪ್ರಜ್ಞೆ ತಪ್ಪಿ ಕುಸಿಯುತ್ತಾರೆ, ಸಹಜ ಉಸಿರಾಟವಿರುವುದಿಲ್ಲ. ಆಗ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಲೇ ಇರಬೇಕು. ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ 2021ರ ಜೂನ್ 12ರಂದು ಮೈದಾನದಲ್ಲೇ ಕುಸಿದಾಗ ಸಿಪಿಆರ್ ಮತ್ತು ವಿದ್ಯುತ್ ಆಘಾತದಿಂದ ಅಲ್ಲಿಯೇ ಜೀವ ಮರಳಿತು. ದೇಹದೊಳಗೆ ಐಸಿಡಿ ಸಾಧನ ಅಳವಡಿಸಿಕೊಂಡು 2022ರ ಫೆಬ್ರುವರಿಯಲ್ಲಿ ಅವರು ಮತ್ತೆ ಆಟಕ್ಕಿಳಿದರು. ಕೋಟೆಯ ಮೆಟ್ಟಿಲ ಮೇಲೆ ವೈದ್ಯರ ತಂಡ ಇರುವುದಿಲ್ಲ. ಜೊತೆಗಿರುವ ಮಗ, ಸೊಸೆ, ವಾಹನದ ಚಾಲಕ ಇವರೇ ಎದೆ ಒತ್ತಬೇಕು.

ಚುಚ್ಚುಮದ್ದಿನ ನಂತರ

ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹೆಪ್ಪು ಕರಗಿಸುವ ಔಷಧವನ್ನು ನೋವು ಆರಂಭವಾದ 12 ಗಂಟೆಯವರೆಗೆ ಕೊಡಬಹುದಾದರೂ ಮೊದಲ ಮೂರು ಗಂಟೆಗಳಲ್ಲಿ ಅದರ ಪ್ರಯೋಜನ ಹೆಚ್ಚು. ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವೂ ಉಂಟು. ಆದ್ದರಿಂದ ಹಿಂದಿನ ಪಾರ್ಶ್ವವಾಯು, ಇತ್ತೀಚಿನ ಶಸ್ತ್ರಚಿಕಿತ್ಸೆ, ತಲೆಗೆ ಬಿದ್ದ ಪೆಟ್ಟು, ಸೇವಿಸುತ್ತಿರುವ ರಕ್ತ ತೆಳುವಾಗಿಸುವ ಮಾತ್ರೆ ಇವುಗಳನ್ನು ಮರೆಮಾಚದೆ ವೈದ್ಯರಿಗೆ ತಿಳಿಸಬೇಕು.

ಕುಟುಂಬದವರು ಎಡವುವುದು ಬಹುತೇಕ ಇಲ್ಲಿಯೇ. ಮದ್ದು ಕೊಟ್ಟು ಒಂದು ಗಂಟೆಯಲ್ಲಿ ನೋವು ಇಳಿದರೆ ‘ಆರಾಮಾದರು, ಇನ್ನು ಊರಿಗೆ ಹೋಗೋಣ’ ಎನ್ನುವವರಿದ್ದಾರೆ. ಕರಗಿದ್ದು ಹೆಪ್ಪು ಮಾತ್ರ. ನಾಳದ ಕಿರಿದಾದ ಭಾಗ ಹಾಗೆಯೇ ಇರುತ್ತದೆ. ಚುಚ್ಚುಮದ್ದು ಫಲಿಸಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೊಗ್ರಾಮ್ ಆಗಬೇಕು. ಫಲಿಸದಿದ್ದರೆ ತಕ್ಷಣವೇ ಸಾಗಿಸಬೇಕು. ಸಾಗಿಸುವ ಮುನ್ನ ಕ್ಯಾಥ್ ಲ್ಯಾಬ್ ಸಿದ್ಧವಿದೆಯೇ ಎಂದು ತಾಲ್ಲೂಕು ಆಸ್ಪತ್ರೆಯಿಂದಲೇ ವಿಚಾರಿಸಿ, ಇಸಿಜಿ ಪ್ರತಿ ಮತ್ತು ಚುಚ್ಚುಮದ್ದು ಕೊಟ್ಟ ಸಮಯ ಬರೆದ ಚೀಟಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು.

ಖರ್ಚಿನ ವಿಷಯದಲ್ಲಿ ಎರಡು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಂತೆ ಗರಿಷ್ಠ 1.5 ಲಕ್ಷ ರೂಪಾಯಿಯವರೆಗೆ ನೆರವಿದೆ. ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಕಾಯಬೇಕಿಲ್ಲ. ಸ್ಟೆಂಟ್‌ಗಳಿಗೆ 2017ರ ಫೆಬ್ರುವರಿಯಿಂದ ಕೇಂದ್ರ ಸರ್ಕಾರ ಗರಿಷ್ಠ ದರ ನಿಗದಿಪಡಿಸಿದ್ದು, ಬಿಲ್ಲಿನಲ್ಲಿ ಸ್ಟೆಂಟ್‌ನ ಬೆಲೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವ ಹಕ್ಕು ರೋಗಿಗಿದೆ.

ಊರಿಗೆ ಮರಳುವುದು ಯಾವಾಗ?

ತೊಡಕಿಲ್ಲದ ಪ್ರಕರಣಗಳಲ್ಲಿ ಆಸ್ಪತ್ರೆಯ ವಾಸ ಮೂರರಿಂದ ಐದು ದಿನ. ಬಿಡುಗಡೆಯ ದಿನವೇ ಆರೇಳು ನೂರು ಕಿಲೋಮೀಟರ್ ಪ್ರಯಾಣ ಹೊರಡುವ ಆತುರ ಬೇಡ. ಬಂಧುಗಳ ಮನೆಯಲ್ಲೋ ಆಸ್ಪತ್ರೆಯ ಸಮೀಪದ ವಸತಿಗೃಹದಲ್ಲೋ ಕೆಲವು ದಿನ ತಂಗಿ, ವೈದ್ಯರು ಒಪ್ಪಿದ ಮೇಲೆ ಹೊರಡುವುದು ಲೇಸು. ಹಗಲಿನ ತಂಪು ಹೊತ್ತಿನಲ್ಲಿ, ಗಂಟೆ–ಒಂದೂವರೆ ಗಂಟೆಗೊಮ್ಮೆ ಇಳಿದು ಅಡ್ಡಾಡುತ್ತ ಸಾಗಬೇಕು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ರಕ್ತದೊತ್ತಡ ಇಳಿಸುವ ಮತ್ತು ಮೂತ್ರ ಹೆಚ್ಚಿಸುವ ಹೊಸ ಮಾತ್ರೆಗಳನ್ನು ಸೇವಿಸುತ್ತಿರುವವರು ಆ ಬಿಸಿಲಿನಲ್ಲಿ ನಿಂತೆದ್ದಾಗ ತಲೆಸುತ್ತಿ ಬೀಳುವ ಸಂಭವ ಹೆಚ್ಚು. ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂಬುದನ್ನು ಅಳತೆ ಸಮೇತ ಕೇಳಿ ತಿಳಿಯಬೇಕು.

ವಾಹನ ಚಾಲನೆಯ ಬಗ್ಗೆ ಬ್ರಿಟನ್‌ನ ನಿಯಮ ಒಂದು ಒಳ್ಳೆಯ ಮಾನದಂಡ: ಆಂಜಿಯೊಪ್ಲಾಸ್ಟಿ ಯಶಸ್ವಿಯಾಗಿ ಹೃದಯದ ಶಕ್ತಿ ಚೆನ್ನಾಗಿದ್ದರೆ ಒಂದು ವಾರ, ಇಲ್ಲವಾದರೆ ನಾಲ್ಕು ವಾರ ಕಾರು ಓಡಿಸುವಂತಿಲ್ಲ. ಲಾರಿ, ಬಸ್ಸಿನ ವೃತ್ತಿ ಚಾಲಕರಿಗೆ ಕನಿಷ್ಠ ಆರು ವಾರ ಹಾಗೂ ವ್ಯಾಯಾಮ ಪರೀಕ್ಷೆ ಕಡ್ಡಾಯ. ಭತ್ತದ ಹಂಗಾಮಿನಲ್ಲಿ ಹಗಲಿರುಳು ದುಡಿಯುವ ಸಿಂಧನೂರಿನ ಲಾರಿ ಚಾಲಕರಿಗೆ ಈ ಬಿಡುವು ಕಷ್ಟವೆನಿಸಬಹುದು. ಆದರೆ ಸ್ಟೀರಿಂಗ್ ಹಿಡಿದಾಗ ಪ್ರಜ್ಞೆ ತಪ್ಪಿದರೆ ಹೋಗುವುದು ಒಂದೇ ಜೀವವಲ್ಲ.

ಮಾತ್ರೆ, ನಡಿಗೆ, ಮನಸ್ಸು

ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ನೀಡಲಾಗುತ್ತದೆ. ಹಲ್ಲು ಕೀಳಿಸಲೆಂದೋ, ಮಾತ್ರೆ ಮುಗಿಯಿತೆಂದೋ ಇದನ್ನು ನಡುವೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಹುತೇಕ ಜೀವನಪರ್ಯಂತ. ಮೊದಲ ಸ್ಟೆಂಟ್‌ನಿಂದಲೇ ಎಲ್ಲವೂ ಮುಗಿಯುವುದೆಂದೂ ತಿಳಿಯಬಾರದು. ಸೌರವ್ ಗಂಗೂಲಿ ಅವರಿಗೆ 2021ರ ಜನವರಿ 2ರಂದು ಲಘು ಹೃದಯಾಘಾತವಾಗಿ ಒಂದು ಸ್ಟೆಂಟ್ ಅಳವಡಿಸಲಾಯಿತು. ಅದೇ ತಿಂಗಳ ಕೊನೆಯಲ್ಲಿ ಮತ್ತೆರಡು ಬೇಕಾದವು. ಆ ಬಳಿಕ ಅವರು ಕ್ರಿಕೆಟ್ ಮಂಡಳಿಯ ಕೆಲಸಕ್ಕೆ ಮರಳಿದರು.

ನಡಿಗೆ ಮನೆಯೊಳಗಿನ ಐದು ನಿಮಿಷದಿಂದ ಆರಂಭವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಅರ್ಧ ಗಂಟೆಗೆ ಏರಬೇಕು. ಮಾತನಾಡುತ್ತ ನಡೆಯಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದರ್ಥ. ದಂಪತಿಗಳು ಕೇಳಲು ಸಂಕೋಚಪಡುವ ಪ್ರಶ್ನೆಗೂ ಉತ್ತರ ಸರಳ: ಎರಡು ಅಂತಸ್ತಿನ ಮೆಟ್ಟಿಲನ್ನು ಏದುಸಿರು, ಎದೆನೋವು ಇಲ್ಲದೆ ಏರಬಲ್ಲವರು ದಾಂಪತ್ಯ ಜೀವನಕ್ಕೆ ಮರಳಬಹುದು. ಜೋಳದ ರೊಟ್ಟಿ, ಸೊಪ್ಪು, ಬೇಳೆ ನಮ್ಮ ಭಾಗದ ಭಾಗ್ಯ. ತೊಂದರೆ ಇರುವುದು ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಕರಿದ ಬಜ್ಜಿಗಳಲ್ಲಿ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚೆಯನ್ನು ಮೀರಬಾರದು. ಬೀಡಿ, ಸಿಗರೇಟು, ಗುಟ್ಕಾಗಳ ವಿಷಯದಲ್ಲಿ ‘ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು’ ಎಂಬ ಒಪ್ಪಂದ ನಡೆಯುವುದಿಲ್ಲ.

ಯಾರೂ ಗಮನಿಸದೆ ಹೋಗುವುದು ಮನಸ್ಸನ್ನು. ಹೃದಯಾಘಾತಕ್ಕೊಳಗಾದ ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ರಾತ್ರಿ ನಿದ್ದೆ ಬಾರದಿರುವುದು, ಸಣ್ಣ ನೋವಿಗೂ ಬೆಚ್ಚುವುದು, ‘ನನ್ನಿಂದ ಎಲ್ಲರ ಪ್ರವಾಸ ಕೆಟ್ಟಿತು’ ಎಂದು ಹಿರಿಯರು ಮತ್ತೆ ಮತ್ತೆ ಕೊರಗುವುದು ಇದರ ಲಕ್ಷಣಗಳು. ಒತ್ತಾಯಿಸಿ ಕರೆದೊಯ್ದ ಮಗನಿಗೂ ಅದೇ ಅಪರಾಧಭಾವ ಕಾಡಬಹುದು. ನಾಳದಲ್ಲಿ ಕೊಬ್ಬು ಶೇಖರವಾಗಲು ವರ್ಷಗಳು ಬೇಕು, ಅದು ಒಂದು ದಿನದ ಪ್ರವಾಸದಿಂದ ಆದದ್ದಲ್ಲ ಎಂಬ ವಿವರಣೆಯನ್ನು ವೈದ್ಯರ ಬಾಯಿಂದಲೇ ಇಬ್ಬರಿಗೂ ಹೇಳಿಸುವುದು ಒಳಿತು. ಎರಡು ವಾರ ಕಳೆದರೂ ಮಂಕು ಕವಿದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಮೊದಲ ತಪಾಸಣೆ ಒಂದೆರಡು ವಾರದೊಳಗೆ ನಡೆಯುತ್ತದೆ. ಆರು ವಾರದಿಂದ ಮೂರು ತಿಂಗಳ ನಡುವೆ ಎಕೋ ಪರೀಕ್ಷೆ ನಡೆಸಿ ಹೃದಯದ ಪಂಪ್ ಮಾಡುವ ಶಕ್ತಿಯನ್ನು ಅಳೆಯಲಾಗುತ್ತದೆ. ಅದು ಶೇ 35 ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ, ಎರಿಕ್ಸನ್ ಅವರಿಗೆ ಅಳವಡಿಸಿದಂತಹ ಐಸಿಡಿ ಬೇಕೇ ಎಂದು ತಜ್ಞರು ನಿರ್ಧರಿಸುತ್ತಾರೆ. ಶಕ್ತಿ ಚೆನ್ನಾಗಿದ್ದು ಟ್ರೆಡ್‌ಮಿಲ್ ಪರೀಕ್ಷೆಯೂ ಸರಿಯಾಗಿ ಬಂದರೆ ಅರ್ಧಕ್ಕೆ ನಿಂತ ಪ್ರವಾಸವನ್ನು ಮುಂದುವರಿಸಲು ಅಡ್ಡಿಯಿಲ್ಲ. ಮುದಗಲ್ ಕೋಟೆಯನ್ನು ಬೆಳಿಗ್ಗೆ ಎಂಟರೊಳಗೆ ಹತ್ತಿ ಇಳಿಯಬೇಕು. ಡಿಸ್‌ಚಾರ್ಜ್ ಪತ್ರ, ಕೊನೆಯ ಇಸಿಜಿಯ ಪ್ರತಿ ಮತ್ತು ಎರಡು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆಗಳನ್ನು ವಾಹನದ ಡಿಕ್ಕಿಯಲ್ಲಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.